ಪಟದಲ್ಲಿ ಬಿದ್ದ ನೆರಳು

ಮೂವತ್ತಾರು ವರ್ಷಗಳ ಕಾಲ ಪರರ ತಪ್ಪುಗಳನ್ನು ತಿದ್ದಿ ಸಂಬಳವನ್ನು ಎಣಿಸಿಕೊಂಡವನಿಗೆ ನಿವೃತ್ತಿಯೆಂಬುದು ಒಂದು ವಿಚಿತ್ರವಾದ ಅವಸ್ಥೆ. ತಿದ್ದುವ ಕೈ ಸುಮ್ಮನಿರಲೊಲ್ಲದು; ತಿದ್ದಿಸಿಕೊಳ್ಳುವವರು ಯಾರೂ ಮನೆಗೆ ಬರರು. ನಾನು 2018ರಲ್ಲಿ ಪ್ರೌಢಶಾಲೆಯ ಕೆಲಸದಿಂದ ಬಿಡುಗಡೆಯಾದ ಮೇಲೆ ಕೆಲವು ಕಾಲ ಮದುವೆಯ ಕರೆಯೋಲೆಗಳಲ್ಲಿನ ಅಕ್ಷರಸ್ಖಾಲಿತ್ಯಗಳನ್ನು ಗುರುತುಮಾಡಿಕೊಂಡು ಕುಳಿತಿದ್ದೆನು. ಬೀದಿಯ ಅಂಗಡಿಯ ಹಲಗೆಯೊಂದರಲ್ಲಿ ಮಹಾಪ್ರಾಣ ಬಿಟ್ಟುಹೋಗಿದೆಯೆಂದು ಹೇಳಲು ಹೋಗಿ, ಆ ಅಂಗಡಿಯವನಿಂದ, "ಸ್ವಾಮಿ, ತಮಗೆ ಏನು ಬೇಕು, ಬೇಗ ಹೇಳಿ" ಎನ್ನಿಸಿಕೊಂಡು ಬಂದುದೂ ಉಂಟು. ನನ್ನ ಮನೆಯಾಕೆ ಇದ್ದಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಆಕೆ ನನ್ನ ನಿವೃತ್ತಿಗೆ ಎರಡು ವರ್ಷಗಳ ಮುಂಚೆಯೇ, 2016ರಲ್ಲಿ, ತೀರಿಕೊಂಡಳು.

ನನ್ನ ಅವಸ್ಥೆಯನ್ನು ಕಂಡು ಮಗಳು ಒಂದು ಕ್ಯಾಮೆರಾವನ್ನು ತಂದುಕೊಟ್ಟಳು. "ಅಪ್ಪ, ನಿಮಗೆ ಹಿಂದೆ ಈ ಹುಚ್ಚು ಇದ್ದಿತಂತೆ, ಅಮ್ಮ ಹೇಳುತ್ತಿದ್ದಳು" ಎಂದಳು. ಇದ್ದುದು ನಿಜ. ಅದರ ಮಾತು ಮುಂದೆ ಬರುತ್ತದೆ. ಕ್ಯಾಮೆರಾ ಕೈಗೆ ಬಂದ ಮೇಲೆ, ನಮ್ಮ ಊರಿನಲ್ಲಿ ತಿಂಗಳ ಎರಡನೆಯ ಭಾನುವಾರ ಛಾಯಾಚಿತ್ರದ ಹವ್ಯಾಸಿಗಳು ಒಂದೆಡೆ ಸೇರುವರೆಂಬ ಸಂಗತಿ ಕಿವಿಗೆ ಬಿದ್ದು, 2019ರ ಆಷಾಢದಲ್ಲಿ ಅಲ್ಲಿಗೆ ಹೋದೆನು.

ವಾಚಕರು ದೊಡ್ಡ ಸಭೆಯನ್ನು ಊಹಿಸಿಕೊಳ್ಳಬಾರದು. ವಾಚನಾಲಯದ ಮಹಡಿಯ ಮೇಲೆ ಒಂದು ಕೊಠಡಿ. ಹದಿನೈದು ಹದಿನಾರು ಕುರ್ಚಿ. ಗೋಡೆಗೆ ಬಿಳಿಯ ಪರದೆ. ಪಟಗಳನ್ನು ಒರಗಿಸಿಡಲು ಒಂದು ಮರದ ಅಡ್ಡೆ. ಬರುವವರಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರು, ದಂತವೈದ್ಯರೊಬ್ಬರು, ಕಾಲೇಜಿನ ಇಬ್ಬರು ಹುಡುಗಿಯರು, ಕಾಫಿತೋಟದವರೊಬ್ಬರು, ಔಷಧದ ಅಂಗಡಿಯ ಹುಡುಗ, ವಿದ್ಯುತ್ತಿನ ಇಲಾಖೆಯ ಲೈನ್‌ಮನ್ ಒಬ್ಬ. ಇವರಲ್ಲಿ ಯಾರಿಗೂ ಪಟ ತೆಗೆಯುವುದರಿಂದ ಒಂದು ಕಾಸಿನ ಆದಾಯವಿಲ್ಲ. ಆದಾಯವಿಲ್ಲದ ಕೆಲಸದಲ್ಲಿ ಮನುಷ್ಯನ ಅಭಿಮಾನ ಎಷ್ಟು ಉಗ್ರವಾಗಿರುತ್ತದೆಯೆಂಬುದನ್ನು ನಾನು ಅಲ್ಲಿ ಕಲಿತೆನು.

ಕೂಟದ ಕಟ್ಟಳೆ ಸರಳವಾದುದು. ಪ್ರತಿಯೊಬ್ಬನೂ ತಿಂಗಳಿಗೆ ಎರಡು ಪಟಗಳನ್ನು ತರಬಹುದು. ಪಟವನ್ನು ತೋರಿಸುವಾಗ ತೆಗೆದವರ ಹೆಸರನ್ನು ಹೇಳುವುದಿಲ್ಲ. ಮೊದಲು ಎಲ್ಲರೂ ಒಂದು ನಿಮಿಷ ಮೌನವಾಗಿ ನೋಡಬೇಕು. ಅನಂತರ ಇಷ್ಟವಿದ್ದವರು ಮಾತನಾಡಬಹುದು. ತೆಗೆದವನು ಮಾತ್ರ ಕಟ್ಟಕಡೆಯವರೆಗೆ ಬಾಯಿ ತೆರೆಯಕೂಡದು. ಈ ಕಡೆಯ ನಿಯಮವೇ ಎಲ್ಲಕ್ಕಿಂತ ಕಠಿನವಾದುದು. ತಾನು ಹೆತ್ತ ಕೂಸನ್ನು ನಾಲ್ಕು ಮಂದಿ ಮೂಗು ಸೊಟ್ಟ, ಕಿವಿ ದೊಡ್ಡದು ಎಂದು ಆಡಿಕೊಳ್ಳುತ್ತಿರುವಾಗ, "ಇದು ಯಾರ ಮಗುವೋ" ಎಂಬಂತೆ ಮುಖವನ್ನಿಟ್ಟುಕೊಂಡು ಕೂಡುವುದು ಯೋಗಿಗಳಿಗೆ ಸಾಧ್ಯ, ಉಪಾಧ್ಯಾಯರಿಗೆ ಅಲ್ಲ.

ಮೊದಲ ದಿನವೇ ನಾನು ನನ್ನ ಜಾತಿಗುಣವನ್ನು ತೋರಿಸಿದೆನು. ಮಿಂಚುಳ್ಳಿಯೊಂದು ಮೀನನ್ನು ಕಚ್ಚಿಕೊಂಡು ಕೊಂಬೆಯ ಮೇಲೆ ಕುಳಿತ ಪಟ ಪರದೆಯ ಮೇಲೆ ಬಂದಿತು. ಇತರರು ಬೆಳಕು, ಹಿನ್ನೆಲೆ, ಕಣ್ಣಿನಲ್ಲಿನ ಹೊಳಪು ಎಂದು ಎರಡೆರಡು ಮಾತಿನಲ್ಲಿ ಮುಗಿಸಿದರು. ನಾನು ಎದ್ದು ನಿಂತೆನು (ಯಾರೂ ಎದ್ದು ನಿಂತಿರಲಿಲ್ಲ) ಮತ್ತು ಬೀಭತ್ಸರಸಕ್ಕೂ ಭಯಾನಕಕ್ಕೂ ಇರುವ ಭೇದವನ್ನೂ, ಈ ಪಟದಲ್ಲಿ ಮೀನಿನ ದೃಷ್ಟಿಯಿಂದ ಯಾವ ರಸ, ಹಕ್ಕಿಯ ದೃಷ್ಟಿಯಿಂದ ಯಾವ ರಸ ಎಂಬುದನ್ನೂ ಸುಮಾರು ಕಾಲು ಗಂಟೆ ವಿಸ್ತರಿಸಿದೆನು. ಎಲ್ಲರೂ ಗೌರವದಿಂದ ಕೇಳಿದರು. ಕಡೆಗೆ ದಂತವೈದ್ಯರು ವಿನಯದಿಂದ, "ಸಾರ್, ಪಟ ಚೆನ್ನಾಗಿದೆಯೋ ಇಲ್ಲವೋ?" ಎಂದು ಕೇಳಿದರು. ನನಗೆ ಅದು ತೋಚಿರಲೇ ಇಲ್ಲ.

ಹೊರಗೆ ಬರುವಾಗ ಮೆಟ್ಟಿಲ ಬಳಿ ಲೈನ್‌ಮನ್ ನನ್ನನ್ನು ತಡೆದು ಕಾಲಿಗೆ ನಮಸ್ಕರಿಸಿದನು. "ಮೇಷ್ಟ್ರೇ, ನನ್ನ ಗುರುತು ಸಿಗಲಿಲ್ವಾ?" ಎಂದನು. ಸಿಗಲಿಲ್ಲ. ಐವತ್ತರ ಹತ್ತಿರದ ಮನುಷ್ಯ; ಕಿವಿಯ ಮೇಲೆ ನರೆ. "ಒಂಬತ್ತನೇ ಕ್ಲಾಸಲ್ಲಿ ತಮ್ಮ ಹತ್ರ ಇದ್ದೆ. ನನ್ನ ಪ್ರಬಂಧದ ಕೆಳಗೆ ತಾವು ಕೆಂಪು ಶಾಯೀಲಿ 'ಇಷ್ಟೇಯೇ?' ಅಂತ ಬರೆದಿದ್ರಿ." ಅವನು ನಗುತ್ತಲೇ ಹೇಳಿದನು. ನಾನೂ ನಕ್ಕೆನು. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಮೂವತ್ತು ವರ್ಷಗಳಲ್ಲಿ ಎಷ್ಟು ಮಕ್ಕಳ ಅರ್ಧ ಪುಟಗಳ ಕೆಳಗೆ ಆ ಪದವನ್ನು ಗೀಚಿರಬಹುದು! ಅರ್ಧ ಪುಟದಲ್ಲಿಯೇ ಅವರಿಗೆ ಹೇಳಬೇಕಾದುದು ಮುಗಿದಿದ್ದಿರಬಹುದೆಂಬ ಶಂಕೆ ನನಗೆ ಒಮ್ಮೆಯೂ ಬಂದಿರಲಿಲ್ಲ.

ಅವನು ಈಗಲೂ ಅರ್ಧ ಪುಟದ ಮನುಷ್ಯನೇ. ಕೂಟದಲ್ಲಿ ಅವನು ಬಾಯಿ ತೆರೆಯುವುದು ಎಲ್ಲರಿಗಿಂತ ಕಡೆಯಲ್ಲಿ. ಒಂದು ವಾಕ್ಯ, ಬಹಳವಾದರೆ ಎರಡು. "ಎಡಗಡೆ ಆ ಬಿಳೀ ಬಕೆಟ್ಟು ಕಣ್ಣು ಎಳೀತದೆ." "ಸ್ವಲ್ಪ ಕೂತು ತೆಗೆದಿದ್ರೆ ಮಗು ದೊಡ್ಡದಾಗಿ ಕಾಣ್ತಿತ್ತು." ಅಷ್ಟೇ. ಆದರೆ ಅವನು ಹೇಳಿದ ಬಳಿಕ ಆ ಬಿಳಿಯ ಬಕೆಟ್ಟಲ್ಲದೆ ಪಟದಲ್ಲಿ ಬೇರೇನೂ ನಮಗೆ ಕಾಣುತ್ತಿರಲಿಲ್ಲ.

ಇಂತಹ ಕೂಟಗಳು ನಮ್ಮ ದೇಶಕ್ಕೆ ಹೊಸವಲ್ಲ. ಫ್ರಾನ್ಸಿನ ದಾಗೇರನ ಛಾಯಾಚಿತ್ರವಿಧಾನವು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಲಂಡನ್ನಿನಲ್ಲಿ ಛಾಯಾಚಿತ್ರದ ಸಂಘ ಹುಟ್ಟಿದುದು 1853ರಲ್ಲಿ. ಅದರ ಮರುವರ್ಷವೇ ಮುಂಬಯಿಯಲ್ಲಿಯೂ, 1856ರಲ್ಲಿ ಕಲ್ಕತ್ತೆಯಲ್ಲಿಯೂ ಮದರಾಸಿನಲ್ಲಿಯೂ ಇಂತಹ ಸಂಘಗಳು ಸ್ಥಾಪಿತವಾದುವು. ರೈಲುಮಾರ್ಗ ಸರಿಯಾಗಿ ಹಬ್ಬುವ ಮೊದಲೇ ಜನರು ತಮ್ಮ ತಮ್ಮ ಪಟಗಳನ್ನು ಎದುರುಬದುರು ಇಟ್ಟುಕೊಂಡು ವಾದಿಸತೊಡಗಿದ್ದರು. ಇಂಗ್ಲೆಂಡ್ ಅಮೆರಿಕಗಳಲ್ಲಿ, ಒಂದೇ ಊರಿನಲ್ಲಿರದ ಹವ್ಯಾಸಿಗಳು ಪಟಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಅಂಚೆಯಲ್ಲಿ ಮನೆಯಿಂದ ಮನೆಗೆ ಸುತ್ತಿಸುತ್ತಿದ್ದರು. ಪೆಟ್ಟಿಗೆ ಬಂದವನು ಇತರರ ಪಟಗಳ ಮೇಲೆ ತನ್ನ ಅಭಿಪ್ರಾಯವನ್ನು ಬರೆದು, ತನ್ನ ಹಳೆಯ ಪಟವನ್ನು ತೆಗೆದುಕೊಂಡು ಹೊಸದೊಂದನ್ನು ಸೇರಿಸಿ ಮುಂದಿನವನಿಗೆ ಕಳುಹಿಸಬೇಕು. ನಾವು ಪಾಠಶಾಲೆಯಲ್ಲಿದ್ದಾಗ ನಡೆಸಿದ ಕೈಬರಹದ ಪತ್ರಿಕೆಯೂ ಹೀಗೆಯೇ ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದಿತು. ಅಂಚುಗಳಲ್ಲಿ ಬರೆದ ಟೀಕೆಗಳು ಮೂಲಕ್ಕಿಂತ ಸ್ವಾರಸ್ಯವಾಗಿರುತ್ತಿದ್ದುವು.

ನಮ್ಮ ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಹವ್ಯಾಸಿಗಳ ಪರಂಪರೆ ಸಣ್ಣದಲ್ಲ. ಡಾ. ಜಿ. ಥಾಮಸ್ ಅವರ ಪ್ರಯತ್ನದಿಂದ 1953ರಲ್ಲಿ ಭಾರತದ ಛಾಯಾಚಿತ್ರಸಂಘಗಳ ಒಕ್ಕೂಟ ರೂಪುಗೊಂಡಿತು. ಯೂತ್ ಫೋಟೋಗ್ರಾಫಿಕ್ ಸೊಸೈಟಿ ಎಂಬುದು 1971ರಲ್ಲಿ ಹುಟ್ಟಿತು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ಒ. ಸಿ. ಎಡ್ವರ್ಡ್ಸ್ ಅವರ ಸಂಗತಿ. ಅವರು ವೃತ್ತಿಯಿಂದ ಅಧ್ಯಾಪಕರು; ಹಕ್ಕಿಗಳ ಪಟ ತೆಗೆಯುವುದು ಅವರ ಹವ್ಯಾಸ. ಟಿ. ಎನ್. ಎ. ಪೆರುಮಾಳ್ ಅವರಂತಹ ಪ್ರಸಿದ್ಧ ವನ್ಯಜೀವಿ ಛಾಯಾಗ್ರಾಹಕರು ಅವರ ಕೈಕೆಳಗೆ ಪಳಗಿದವರು. ಪೆರುಮಾಳರು 2017ರಲ್ಲಿ ತೀರಿಕೊಳ್ಳುವವರೆಗೂ ಕಿರಿಯರ ಪಟಗಳನ್ನು ನೋಡಿ ತಿದ್ದಿದವರೇ. ಸಂಡೂರಿನ ಎಂ. ವೈ. ಘೋರ್ಪಡೆಯವರೂ ಇದೇ ಹವ್ಯಾಸದವರು. ರಾಜ್ಯದ ಹಣಕಾಸಿನ ಸಚಿವರಾಗಿದ್ದವರು ಕಾಡಿನಲ್ಲಿ ಮರೆಯೊಳಗೆ ಉಸಿರು ಬಿಗಿಹಿಡಿದು ಕೂಡುತ್ತಿದ್ದರೆಂಬುದನ್ನು ನೆನೆದರೆ, ಆಯವ್ಯಯಪತ್ರಕ್ಕಿಂತ ಆನೆ ಸುಲಭವಾಗಿ ವಶವಾಗುತ್ತದೆಯೋ ಏನೋ ಎನ್ನಿಸುತ್ತದೆ. ಇರಲಿ. ಮೇಷ್ಟರೊಬ್ಬರು ತಮ್ಮ ಶಾಲೆಯ ಹೊರಗೆ ಇನ್ನೊಂದು ಶಾಲೆಯನ್ನು, ಬೆತ್ತವೂ ಹಾಜರಿಪುಸ್ತಕವೂ ಇಲ್ಲದೆ, ನಡೆಸಿದರೆಂಬುದು ನನ್ನಂತಹವನಿಗೆ ಹೊಟ್ಟೆಕಿಚ್ಚನ್ನುಂಟುಮಾಡುವ ವಿಷಯ.

ಈಗ ನನ್ನ ಸ್ವಂತ ಪರಾಭವದ ಕಥೆ. ಆ ವರ್ಷದ ಡಿಸೆಂಬರಿನಲ್ಲಿ ನಾನು ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಾಲಯದ ಉತ್ತರದ ಕಡೆಯ ಗೋಡೆಯ ವಿಗ್ರಹಗಳನ್ನು ಬಹು ಶ್ರದ್ಧೆಯಿಂದ ತೆಗೆದುಕೊಂಡು ಬಂದೆನು. ಲಿನ್ನೇಯಸ್ ಟ್ರೈಪ್ ಎಂಬ ಆಂಗ್ಲ ಸೇನಾಧಿಕಾರಿ ಬೇಲೂರು ಹಳೇಬೀಡುಗಳ ಪಟಗಳನ್ನು ಕಾಗದದ ನೆಗೆಟಿವುಗಳ ಮೇಲೆ ತೆಗೆದುದು 1854ರ ಡಿಸೆಂಬರಿನಲ್ಲಿಯೇ ಎಂಬುದು ನನಗೆ ಗೊತ್ತಿದ್ದಿತು. ಅದೇ ತಿಂಗಳಲ್ಲಿ ಹೋದೆನೆಂಬ ಒಂದು ಹೆಮ್ಮೆಯೂ ಇದ್ದಿತು. ದೊಡ್ಡ ಅಳತೆಯಲ್ಲಿ ಮುದ್ರಿಸಿ, ಕಪ್ಪು ರಟ್ಟಿಗೆ ಅಂಟಿಸಿ, ಅಡ್ಡೆಯ ಮೇಲೆ ಇಟ್ಟೆನು. ಒಂದು ನಿಮಿಷದ ಮೌನ. ಯಾರೋ "ದೈವಿಕವಾಗಿದೆ" ಎಂದರು. ಇನ್ನೊಬ್ಬರು "ನಮ್ಮ ಸಂಸ್ಕೃತಿ" ಎಂದರು. ಬ್ಯಾಂಕಿನವರು ಬಹಳ ಹೊಗಳಿದರು. ನನಗೆ ಒಳಗೊಳಗೇ ಹಿಗ್ಗು.

ಲೈನ್‌ಮನ್ ಕಡೆಯಲ್ಲಿ ಹೇಳಿದನು: "ಈ ಗೋಡೆಗೆ ಈಗ ಬಿಸಿಲೇ ಬರೋದಿಲ್ಲ. ಕಲ್ಲೆಲ್ಲ ಚಪ್ಪಟೆಯಾಗಿದೆ. ಮೇ ತಿಂಗಳಲ್ಲಿ ಬೆಳಿಗ್ಗೆ ಬೇಗ ಹೋಗಬೇಕು."

ನಾನು ನಿಯಮವನ್ನು ಮುರಿದು, "ಅದು ನಿನಗೆ ಹೇಗೆ ಗೊತ್ತು?" ಎಂದೆನು. "ಕಂಬ ಹತ್ತೋರಿಗೆ ಬಿಸಿಲು ಯಾವ ಕಾಲಕ್ಕೆ ಯಾವ ಕಡೆಯಿಂದ ಕಣ್ಣಿಗೆ ಹೊಡೀತದೆ ಅಂತ ಗೊತ್ತಿರಬೇಕಲ್ಲ ಮೇಷ್ಟ್ರೇ" ಎಂದನು.

ವಾಚಕರೇ, ನಾನು ಜ್ಯೋತಿಷವನ್ನು ಓದಿದವನು. ಉತ್ತರಾಯಣ ಬೇರೆ, ಉತ್ತರಗೋಳ ಬೇರೆ. ಮಕರದಲ್ಲಿ ಸೂರ್ಯನು ಉತ್ತರಕ್ಕೆ ತಿರುಗಿದರೂ ಸಮರೇಖೆಯನ್ನು ದಾಟಿ ನಿಜವಾಗಿ ಉತ್ತರದಲ್ಲಿ ಹುಟ್ಟುವುದು ಮಾರ್ಚಿ 21ರ ವಿಷುವದಿಂದ ಸೆಪ್ಟೆಂಬರಿನ ವಿಷುವದವರೆಗೆ ಮಾತ್ರ ಎಂಬುದನ್ನು ಎಷ್ಟೋ ಮಂದಿಗೆ ಪಾಠ ಹೇಳಿದವನು. ಡಿಸೆಂಬರಿನಲ್ಲಿ ಸೂರ್ಯನು ಆಗ್ನೇಯದ ಕಡೆ ಹುಟ್ಟಿ ನೈರುತ್ಯದ ಕಡೆ ಮುಳುಗುವಾಗ, ಉತ್ತರಕ್ಕೆ ಮುಖಮಾಡಿದ ಭಿತ್ತಿಗೆ ಒಂದು ಕಿರಣವೂ ಬೀಳದೆಂಬುದು ಆ ಪಾಠದ ಫಲಿತಾರ್ಥವೇ ಆಗಿದ್ದಿತು. ಶಾಸ್ತ್ರವು ಪುಸ್ತಕದಲ್ಲಿದ್ದಿತು; ಗೋಡೆಯು ಹಳೇಬೀಡಿನಲ್ಲಿದ್ದಿತು; ಎರಡನ್ನೂ ಸೇರಿಸಲು ಕಂಬ ಹತ್ತುವವನು ಬೇಕಾಯಿತು.

ಮುಂದಿನ ಬೇಸಗೆಗಳೆರಡೂ ಮಹಾಮಾರಿಯ ಪಾಲಾದುವು, ಕೂಟವೂ ನಿಂತಿದ್ದಿತು. 2022ರ ಮೇ ತಿಂಗಳ ಕೊನೆಯಲ್ಲಿ ನಾನು ಮತ್ತೆ ಹೋದೆನು. ಬಾಗಿಲು ತೆರೆದ ಕೂಡಲೇ ಒಳಹೊಕ್ಕೆನು. ಆ ದಿನಗಳಲ್ಲಿ ಸೂರ್ಯನು ನೇರ ಪೂರ್ವಕ್ಕಿಂತ ಸುಮಾರು 22 ಅಂಶ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಬಿಸಿಲು ಗೋಡೆಯನ್ನು ಎದುರಿನಿಂದ ಹೊಡೆಯುವುದಿಲ್ಲ. ಮಗ್ಗುಲಿನಿಂದ ಸವರಿಕೊಂಡು ಹೋಗುತ್ತದೆ. ಬಳಪದ ಕಲ್ಲಿನಲ್ಲಿ ಕೊರೆದ ಪ್ರತಿಯೊಂದು ಮಣಿಯೂ ತನ್ನ ಪಕ್ಕದಲ್ಲಿ ಒಂದು ಎಳ್ಳಿನಷ್ಟು ನೆರಳನ್ನು ಚೆಲ್ಲಿ ಎದ್ದು ನಿಂತಿದ್ದಿತು. ಡಿಸೆಂಬರಿನಲ್ಲಿ ನಾನು ಕಂಡ ದೇವತೆಗಳೇ ಇವರು ಎಂದು ನಂಬುವುದು ಕಷ್ಟವಾಯಿತು. ಶಿಲ್ಪಿಯು ಉಳಿಯಿಂದ ಕೊರೆದುದು ಕಲ್ಲನ್ನಲ್ಲ, ನೆರಳನ್ನು ಎಂದು ಆ ಹೊತ್ತು ನನಗೆ ತೋರಿತು. ಆ ಪಟವನ್ನು ಕೂಟದಲ್ಲಿಟ್ಟಾಗ ಲೈನ್‌ಮನ್ ಏನೂ ಹೇಳಲಿಲ್ಲ. ಅವನ ಮೌನಕ್ಕೆ ಎಷ್ಟು ಬೆಲೆಯೆಂಬುದನ್ನು ಅಷ್ಟು ಹೊತ್ತಿಗೆ ನಾನು ಅರಿತಿದ್ದೆನು.

ಹೊಗಳಿಕೆಯ ವಿಚಾರವಾಗಿ ಒಂದು ಮಾತು. ಒಂಟೆಯ ಮದುವೆಗೆ ಕತ್ತೆಗಳು ಹಾಡಿದ ಸುಭಾಷಿತವನ್ನು ಬಲ್ಲವರಿಗೆ ಹವ್ಯಾಸಿಗಳ ಪರಸ್ಪರ ಪ್ರಶಂಸೆಯನ್ನು ವಿವರಿಸಬೇಕಾಗಿಲ್ಲ. ನಮ್ಮ ಕೂಟದಲ್ಲಿಯೂ ಅದುಂಟು. ನೀನು ನನ್ನ ಸೂರ್ಯಾಸ್ತವನ್ನು ಮೆಚ್ಚಿದರೆ ನಾನು ನಿನ್ನ ಜಲಪಾತವನ್ನು ಮೆಚ್ಚುವೆನೆಂಬ ಒಳ ಒಪ್ಪಂದ. ಆದರೆ ನಮ್ಮ ಹಿಂದಿನವರು ದೋಷವನ್ನು ನೋಡಲು ಅಂಜಿದವರಲ್ಲ. ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸವನ್ನು ದೋಷವಿಚಾರಕ್ಕೆಂದೇ ಮೀಸಲಿಟ್ಟನು. ಅಲ್ಲಿ ಉದಾಹರಣೆಗೆ ಸಿಕ್ಕಿಬಿದ್ದವರಲ್ಲಿ ಕಾಳಿದಾಸನೂ ಒಬ್ಬ. ನಾವು ಪಾಠಶಾಲೆಯಲ್ಲಿ ವಾಕ್ಯಾರ್ಥಕ್ಕೆ ಕುಳಿತಾಗ, ಎದುರಾಳಿಯು ನಮ್ಮ ಪಕ್ಷವನ್ನು ಚೂರುಚೂರು ಮಾಡಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡುತ್ತಿದ್ದೆವು. ಕೆಲವರು ಅನ್ನ ಇಳಿಯದೆ ಎದ್ದುಹೋದುದನ್ನೂ ನಾನು ಕಂಡಿದ್ದೇನೆ. ಆ ಕಾಲವೆಲ್ಲ ಅಮೃತವಾಗಿದ್ದಿತೆಂದು ಹೇಳಲಾರೆನು. ಕಾಲೇಜಿನ ಹುಡುಗಿಯರಲ್ಲಿ ಒಬ್ಬಳು ತನ್ನ ಅಜ್ಜಿಯ ಪಟವನ್ನು ತಂದಿದ್ದಾಗ, ಕೈ ಅರ್ಧ ಕತ್ತರಿಸಿಹೋಗಿದೆಯೆಂದು ನಾವೆಲ್ಲರೂ ಸಾಲಾಗಿ ಹೇಳಿ, ಆಕೆ ಮೂರು ತಿಂಗಳು ಕೂಟಕ್ಕೆ ಬರದೆ ಹೋದಳು. ಅಜ್ಜಿ ಆ ವಾರವೇ ತೀರಿಕೊಂಡಿದ್ದರೆಂಬುದು ನಮಗೆ ಬಳಿಕ ತಿಳಿಯಿತು. ಹೆಸರು ಹೇಳದೆ ಪಟವಿಡುವ ನಿಯಮದಿಂದ ದಾಕ್ಷಿಣ್ಯ ತಪ್ಪುವುದು ನಿಜ. ದಯೆಯೂ ತಪ್ಪುವುದುಂಟು.

ಈ ಪ್ರಸಂಗದ ನೆನಪಿದ್ದುದರಿಂದಲೇ ನನ್ನ ಹಳೆಯ ಪಟವನ್ನು ಕೂಟಕ್ಕೆ ಒಯ್ಯಲು ನಾನು ಬಹು ಕಾಲ ಹಿಂಜರಿದೆನು.

1985ರಲ್ಲಿ ನನ್ನ ಹತ್ತಿರ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇದ್ದಿತು. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಕೊಟ್ಟುಹೋದುದು. ಒಂದು ಸುರುಳಿಗೆ ಹನ್ನೆರಡು ಚೌಕ ಪಟಗಳು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಎಂಬ ಫಿಲ್ಮನ್ನು ಹಾಕುತ್ತಿದ್ದೆನು; ಚಂದ್ರನ ಹೆಸರಿಟ್ಟುಕೊಂಡು ಸೂರ್ಯನ ಬೆಳಕನ್ನು ಹಿಡಿಯುವ ಆ ಫಿಲ್ಮೂ ಈಗಿಲ್ಲ, ಆ ಕಾರ್ಖಾನೆಯೂ ಮುಚ್ಚಿತು. ಹನ್ನೆರಡು ಪಟಗಳೆಂದರೆ ನನಗೆ ಆಗ ಮೂರು ತಿಂಗಳ ಸಂಭ್ರಮ. ಆದುದರಿಂದ ಒಂದೊಂದನ್ನೂ ಯಜ್ಞದಂತೆ ನಡೆಸುತ್ತಿದ್ದೆನು. ಆ ಕ್ಯಾಮೆರಾಕ್ಕೆ ಹತ್ತಡಿಗಿಂತ ಹತ್ತಿರ ಹೋದರೆ ಮುಖ ಮಸುಕಾಗುತ್ತಿದ್ದಿತು. ಅದಕ್ಕಾಗಿ ಹತ್ತಡಿಯ ದಾರವೊಂದನ್ನು ಅಳೆದಿಟ್ಟುಕೊಂಡಿದ್ದೆನು. ಸೂರ್ಯನು ತೆಗೆಯುವವನ ಬೆನ್ನ ಹಿಂದೆ ಇರಬೇಕೆಂಬುದು ಆ ಕಾಲದ ಎಲ್ಲರ ಉಪದೇಶ. ಅದನ್ನೂ ಅಕ್ಷರಶಃ ಪಾಲಿಸುತ್ತಿದ್ದೆನು.

ಆ ವರ್ಷದ ಯುಗಾದಿ ಮಾರ್ಚಿ 22ರಂದು ಬಂದಿತು. ಕ್ರೋಧನ ಸಂವತ್ಸರ. ನಮಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಬ್ಬದ ಊಟಕ್ಕೆ ಕುಳಿತಾಗ ನನ್ನಾಕೆ, ತವರಿನಿಂದ ಅಣ್ಣನ ಕಾಗದ ಬಂದಿದೆಯೆಂದೂ, ತಾಯಿಗೆ ಕಾಯಿಲೆ ಹೆಚ್ಚಾಗಿದೆಯೆಂದೂ, ನಾಳೆಯೇ ಹೋಗಬೇಕೆಂದೂ ಹೇಳಿದಳು. ನನಗೆ ಪರೀಕ್ಷೆಯ ಕೆಲಸವಿದ್ದಿತು. ಅಡಿಗೆಗೆ ಬೇರೆ ಯಾರೂ ಇರಲಿಲ್ಲ. ಇದು ನಾನು ಆಗ ಹೇಳದೆ ಬಚ್ಚಿಟ್ಟ ಕಾರಣ. "ಪರೀಕ್ಷೆ ಮುಗಿಯಲಿ, ನಾನೇ ಕರೆದುಕೊಂಡು ಹೋಗುತ್ತೇನೆ" ಎಂದೆನು. ಆಕೆ ಎರಡನೆಯ ಸಲ ಕೇಳಿದಳು. ನಾನು ದನಿಯೆತ್ತಿದೆನು. ಹಾಕಿದ ಒಬ್ಬಟ್ಟು ಎಲೆಯಲ್ಲಿಯೇ ಉಳಿಯಿತು. ಇಪ್ಪತ್ತು ದಿನಗಳೊಳಗೆ ತಂತಿ ಬಂದಿತು; ನಾವು ಹೋಗುವ ಹೊತ್ತಿಗೆ ಎಲ್ಲವೂ ಮುಗಿದಿದ್ದಿತು. ಆಮೇಲಿನ 31 ವರ್ಷಗಳಲ್ಲಿ ಆಕೆ ಈ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ನಾನು ಉತ್ತರ ಹೇಳಬಹುದಾಗಿದ್ದಿತು.

ಆ ಯುಗಾದಿಯ ದಿನ, ಅಂಗಳದ ತುಳಸೀಕಟ್ಟೆಯ ಪಕ್ಕದಲ್ಲಿ, ಆಕೆಯ ಪಟವೊಂದನ್ನು ನಾನು ತೆಗೆದಿದ್ದೆನು. ಊಟದ ಜಗಳವಾದ ಬಳಿಕ ಸಮಾಧಾನಪಡಿಸಲೆಂದು ಕ್ಯಾಮೆರಾವನ್ನು ಹೊರತೆಗೆದೆನೆಂದು ನನ್ನ ನೆನಪು. ಫಿಲ್ಮನ್ನು ತೊಳೆಸಿ ಪ್ರತಿ ಕೈಗೆ ಬಂದುದು ಸೂತಕವೆಲ್ಲ ಕಳೆದ ಮೇಲೆ. ಅಂಗೈಯಗಲಕ್ಕೂ ಕಡಿಮೆಯಾದ ಚೌಕ. ಹುಬ್ಬುಗಳು ಗಂಟಿಕ್ಕಿವೆ, ಕಣ್ಣುಗಳು ಕಿರಿದಾಗಿ ನನ್ನನ್ನೇ ಇರಿಯುತ್ತಿವೆ, ಬಲಗೈ, 'ಸಾಕು, ನಿಲ್ಲಿಸಿ' ಎಂಬಂತೆ ಎದೆಯವರೆಗೆ ಎದ್ದಿದೆ. ಆಕೆ ಅದನ್ನು ನೋಡಿ ಏನೂ ಹೇಳದೆ ಟ್ರಂಕಿನ ತಳಕ್ಕೆ ಹಾಕಿದಳು. ನನಗೆ ಅಷ್ಟು ಸಾಕಾಯಿತು. ಕ್ಯಾಮೆರಾವನ್ನು ನಾನು ಮುಟ್ಟದೆ ಬಿಟ್ಟೆನು. ಆಕೆಯ ಬೇರೆ ಪಟಗಳು ಮದುವೆಮುಂಜಿಗಳ ಗುಂಪಿನಲ್ಲಿವೆ. ಒಬ್ಬಳೇ ನಿಂತುದು ಇದೊಂದೇ.

ಕಳೆದ ವರ್ಷ ಮಗಳು ಟ್ರಂಕನ್ನು ಒಪ್ಪಮಾಡುವಾಗ ನೆಗೆಟಿವು ಸಿಕ್ಕಿ, ದೊಡ್ಡದಾಗಿ ಮುದ್ರಿಸಿ ತಂದಳು. "ಅಮ್ಮ ಎಷ್ಟು ಎಳೆಯವಳಾಗಿದ್ದಳು!" ಎಂದಳು. ಅವಳಿಗೆ ಆ ದಿನದ ಕಥೆ ಗೊತ್ತಿಲ್ಲ. ಈ ಬರಹವನ್ನು ಓದಿದರೆ ಗೊತ್ತಾಗುತ್ತದೆ. ಏಕೆ ಒಯ್ದೆನೋ ಹೇಳಲಾರೆ. ಆ ತಿಂಗಳು ನನ್ನ ಬಳಿ ಬೇರೆ ಪಟವಿರಲಿಲ್ಲವೆಂಬುದು ನಾನು ನನಗೆ ಹೇಳಿಕೊಂಡ ನೆಪ. ಅಡ್ಡೆಯ ಮೇಲೆ ಇಟ್ಟೆನು.

ಒಂದು ನಿಮಿಷ ಕಳೆಯಿತು. ಔಷಧದಂಗಡಿಯ ಹುಡುಗ, "ಮುಂದಗಡೆ ತೆಗೆದವರ ನೆರಳು ಬಿದ್ದಿದೆ, ಕೆಳಗಿನಿಂದ ಕತ್ತರಿಸಬೇಕು" ಎಂದನು. ಬ್ಯಾಂಕಿನವರು ಅನುಮೋದಿಸಿದರು. ದಂತವೈದ್ಯರು, ಚೌಕವನ್ನು ಬಿಟ್ಟು ಉದ್ದಕ್ಕೆ ಮಾಡಿದರೆ ತುಳಸೀಕಟ್ಟೆಗೂ ಆಕೃತಿಗೂ ಸಮತೂಕ ಬರುವುದೆಂದರು. ಇನ್ನೊಬ್ಬರು, "ಮುಖಭಾವ ತುಂಬಾ ಬಿಗಿಯಾಗಿದೆ; ಹೆಂಗಸು ಕೋಪದಲ್ಲಿದ್ದ ಹಾಗಿದೆ" ಎಂದರು. ನನ್ನ ಕಿವಿ ಬಿಸಿಯಾಯಿತು. ನಿಯಮದಂತೆ ಸುಮ್ಮನೆ ಕುಳಿತಿದ್ದೆನು.

ಲೈನ್‌ಮನ್ ಎದ್ದು ಹೋಗಿ ಪಟದ ಹತ್ತಿರ ಬಗ್ಗಿ ನೋಡಿದನು. ಬಹಳ ಹೊತ್ತು ನೋಡಿದನು. "ಕೋಪ ಅಲ್ಲ. ಬಿಸಿಲು ನೇರ ಕಣ್ಣಿಗೆ ಬಿದ್ದಿದೆ. ಕಣ್ಣಿಗೆ ಅಡ್ಡ ಹಿಡಿಯೋಕೆ ಕೈ ಎತ್ತುತಾ ಇದ್ದಾರೆ, ಅಷ್ಟರಲ್ಲಿ ಒತ್ತಿಬಿಟ್ಟಿದ್ದಾರೆ. ತೆಗೆದೋರು ಅವಸರ ಮಾಡಿದ್ದಾರೆ" ಎಂದನು. ಆಮೇಲೆ, "ನೆರಳು ಕತ್ತರಿಸಬೇಡಿ. ಎಲ್ಲಿಂದ ಬಿಸಿಲು ಬಂತು ಅನ್ನೋದಕ್ಕೆ ಅದೇ ಸಾಕ್ಷಿ" ಎಂದು ತನ್ನ ಜಾಗದಲ್ಲಿ ಬಂದು ಕುಳಿತನು. ಅವನ ಪಾಲಿಗೆ ಅದು ದೀರ್ಘ ಭಾಷಣ. ಪಟ ಯಾರದೆಂದು ಅವನಿಗೆ ತಿಳಿದಿದ್ದಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಹತ್ತಕ್ಕೆ ಎಷ್ಟು ಅಂಕವೆಂದು ಕೇಳಿದಾಗ ನಾಲ್ಕೇ ಕೊಟ್ಟನು.

ಅಂದು ರಾತ್ರಿ ನಾನು ಪಟವನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆನು. ನನ್ನ ನೆರಳಿನ ತಲೆಯು ಆಕೆಯ ಸೀರೆಯ ಅಂಚಿನ ಬಳಿಗೆ ಬಂದು ನಿಂತಿದೆ. ನನ್ನ ಎತ್ತರ ಐದೂವರೆ ಅಡಿ, ನೆರಳು ಹತ್ತಡಿ. ಹನ್ನೆರಡಂಗುಲದ ಶಂಕುವಿಗೆ ಸುಮಾರು ಇಪ್ಪತ್ತೆರಡಂಗುಲದ ನೆರಳು. ದಿನ ವಿಷುವಕ್ಕೆ ತೀರ ಹತ್ತಿರದ್ದು. ಲೆಕ್ಕಕ್ಕೆ ಅದಕ್ಕಿಂತ ಅನುಕೂಲವಾದ ದಿನವೇ ಇಲ್ಲ. ಕಾಗದ ತೆಗೆದುಕೊಂಡು ಮಾಡಿದೆನು: ಸೂರ್ಯನು ದಿಗಂತದಿಂದ 29 ಅಂಶ ಎತ್ತರದಲ್ಲಿ, ಎಂದರೆ ಉದಯದಿಂದ ಐದು ಘಳಿಗೆ, ಇಲ್ಲವೆ ಅಸ್ತಕ್ಕೆ ಐದು ಘಳಿಗೆ ಉಳಿದಿರುವಾಗ. ಎರಡರಲ್ಲಿ ಯಾವುದು? ಆಕೆಯ ಬೆನ್ನಿಗೆ ನಮ್ಮ ಮನೆಯ ಬಾಗಿಲು ಕಾಣುತ್ತದೆ. ಆ ಮನೆಯ ಬಾಗಿಲು ಪೂರ್ವಕ್ಕೆ. ಸಂಜೆಯಾಗಿದ್ದರೆ ಮನೆಯ ನೆರಳೇ ಅಂಗಳವನ್ನು ಮುಚ್ಚಿರುತ್ತಿದ್ದಿತು. ಆದುದರಿಂದ ಬೆಳಿಗ್ಗೆ, ಸುಮಾರು ಎಂಟೂವರೆ. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಜಗಳ ಇನ್ನೂ ಆಗಿರಲಿಲ್ಲ. 39 ವರ್ಷ ನನ್ನ ನೆನಪು ಸುಳ್ಳು ಹೇಳಿದ್ದಿತು.

ಮೂರು ಸಲ ಲೆಕ್ಕವನ್ನು ತಿರುಗಿ ಮಾಡಿದೆನು. ತಪ್ಪಿರಲಿಲ್ಲ. ಆದರೆ ದೀಪವಾರಿಸಿ ಮಲಗಿದ ಮೇಲೆ ಇನ್ನೊಂದು ಪೂರ್ವಪಕ್ಷ ತಲೆಯೆತ್ತಿತು. ಹಬ್ಬದ ದಿನ ಅಂಚೆಯವನು ಬರುವುದಿಲ್ಲ. ಅಣ್ಣನ ಕಾಗದ ಹಿಂದಿನ ದಿನವೇ, ಅಮಾವಾಸ್ಯೆಯಂದೇ, ಬಂದಿರಬೇಕು. ಹಾಗಾದರೆ ಆಕೆ ರಾತ್ರಿಯೆಲ್ಲ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಹಬ್ಬದ ಬೆಳಿಗ್ಗೆ ಕೆಡಬಾರದೆಂದು ಸುಮ್ಮನಿದ್ದು, ಗಂಡನ ಕ್ಯಾಮೆರಾದ ಮುಂದೆ ನಿಂತಿರಬೇಕು. ಆ ಹುಬ್ಬಿನ ಗಂಟು ಬಿಸಿಲಿನದೋ, ಬಚ್ಚಿಟ್ಟ ಕಾಗದದ್ದೋ? ಇದಕ್ಕೆ ಶಂಕುವೂ ಇಲ್ಲ, ಛಾಯೆಯೂ ಇಲ್ಲ.

ಮುಂದಿನ ತಿಂಗಳು ಕೂಟಕ್ಕೆ ಸ್ವಲ್ಪ ಮುಂಚೆಯೇ ಹೋಗಿ, ಲೈನ್‌ಮನ್ ಬಂದೊಡನೆ ಮೂಲೆಗೆ ಕರೆದುಕೊಂಡು ಪಟವನ್ನು ಬಿಚ್ಚಿ, ನನ್ನ ಲೆಕ್ಕವನ್ನು ಹೇಳಿದೆನು. ಯಾರ ಪಟವೆಂಬುದನ್ನೂ ಹೇಳಿದೆನು. ಕಾಗದದ ಮಾತನ್ನು ಹೇಳಲಿಲ್ಲ. ಅವನು ತಲೆ ಬಗ್ಗಿಸಿ ಕೇಳುತ್ತಿದ್ದನು.

"ಹತ್ತಡಿ ಅಂತ ಹ್ಯಾಗೆ ಹೇಳ್ತೀರಿ ಮೇಷ್ಟ್ರೇ? ಒಂಬತ್ತೂ ಇರಬಹುದಲ್ಲ?"

"ಇಲ್ಲಪ್ಪ. ನನ್ನ ಹತ್ತಿರ ಅಳತೆಯ ದಾರವಿದ್ದಿತು. ಪ್ರತಿ ಸಲವೂ ಹಿಡಿದು ನೋಡಿಯೇ ನಿಲ್ಲುತ್ತಿದ್ದೆ."

"ಒಂದು ತುದಿ ತಮ್ಮ ಹತ್ರ. ಇನ್ನೊಂದು ತುದಿ?"

ನಾನು ಉತ್ತರ ಹೇಳಲಿಲ್ಲ. ಅವನು ಜೇಬಿನಿಂದ ಭೂತಗನ್ನಡಿಯನ್ನು ತೆಗೆದು ಪಟದ ಮೇಲೆ ಇಟ್ಟನು. ನೋಡಿ, ನನ್ನ ಕಡೆಗೆ ಸರಿಸಿದನು. ಎತ್ತಿದ ಬಲಗೈಯನ್ನೇ ಇಷ್ಟು ವರ್ಷ ನಾನು ನೋಡುತ್ತಿದ್ದೆನು. ಎಡಗೈ ಸೀರೆಯ ನೆರಿಗೆಯ ಪಕ್ಕದಲ್ಲಿ ಇಳಿದಿದ್ದಿತು. ಅದರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಕೂದಲಿನಷ್ಟು ತೆಳ್ಳಗೆ, ದಾರದ ತುದಿಯಿದ್ದಿತು.